ಟ್ಯೂಬ್‌ಲೈಟ್ ಆರಿಸೋದು ಯಾರು?

ನಮ್ಮ ಟೀಮಲ್ಲಿ ಯಾರಾದ್ರೂ ಹೊಸ ಫ್ಲ್ಯಾಟಿಗೆ ಹೋದ್ರೆ ಸಾಕು, ಗೃಹಪ್ರವೇಶದ ಮುಂದಿನ ವಾರ ನನ್ನ ಡೆಸ್ಕ್ ಹತ್ರ ಹಾಜರ್. "ಗುರು, ಹಾಲಿಗೆ 75 ಇಂಚಿನ ಟಿವಿ ತಗೊಳ್ಲಾ, ಇಲ್ಲ ಪ್ರೊಜೆಕ್ಟರ್ ಹಾಕಿಸ್ಲಾ?" ನಾನೇನು ಈ ವಿಷಯದಲ್ಲಿ ಪಂಡಿತನಲ್ಲ. ಎರಡನ್ನೂ ಸ್ವಂತ ದುಡ್ಡಲ್ಲಿ ಕೊಂಡು, ಒಂದರಲ್ಲಿ ಕೈ ಸುಟ್ಕೊಂಡವನು. ಹಾಗಾಗಿ ಇದನ್ನ ವಿಮರ್ಶೆ ಅಂತಾದ್ರೂ ಅನ್ನಿ, ತಪ್ಪೊಪ್ಪಿಗೆ ಅಂತಾದ್ರೂ ಅನ್ನಿ.

ಕೊಳ್ಳೋ ಮೊದಲು ಎಲ್ಲ ಇಂಜಿನಿಯರುಗಳ ಹಾಗೆ ನಾನೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. 14 ಕಾಲಂ. ರೆಸಲ್ಯೂಷನ್, ಲ್ಯೂಮೆನ್, ಎಚ್‌ಡಿಆರ್, ರಿಫ್ರೆಶ್ ರೇಟ್, ವಾರಂಟಿ, ಕೊನೆಗೆ ನಾನೇ ಕಂಡುಹಿಡಿದ 'ಇಂಚಿಗೆ ಎಷ್ಟು ರೂಪಾಯಿ' ಅನ್ನೋ ಕಾಲಂ. ಆ ಕೊನೆಯ ಕಾಲಮ್ಮಲ್ಲಿ ಪ್ರೊಜೆಕ್ಟರ್ ಎಲ್ಲರನ್ನೂ ಮಕಾಡೆ ಮಲಗಿಸ್ತು. 42 ಸಾವಿರಕ್ಕೆ 100 ಇಂಚು! ಶೀಟಲ್ಲಿ ಇಲ್ಲದೇ ಹೋದ ಕಾಲಂ ಎರಡೇ: ನಮ್ಮ ಹಾಲಲ್ಲಿ ಯಾರ್ಯಾರು ಕೂರ್ತಾರೆ, ಅವರು ಕೂತಿರೋ ಹೊತ್ತಲ್ಲಿ ಲೈಟ್ ಉರೀತಿರುತ್ತಾ ಇಲ್ವಾ.

ದೊಡ್ಡ ಪರದೆಯ ಹುಚ್ಚು ನನಗೆ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮೂರು ಅರಸೀಕೆರೆ ಕಡೆಯ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಗಣೇಶನ ಹಬ್ಬಕ್ಕೆ ಟೌನಿಂದ ಟಿವಿ, ವಿಸಿಪಿ ಬಾಡಿಗೆಗೆ ತಂದು ರಾತ್ರಿಯೆಲ್ಲ ಸಿನಿಮಾ ಹಾಕ್ತಿದ್ರು. ಡಬ್ಬಿಯಂಥ ಟಿವಿ, ಅದರ ಮುಂದೆ ಇಡೀ ಊರು. ಹಿಂದೆ ಕೂತವರಿಗೆ ರಾಜ್‌ಕುಮಾರ್ ಬೆಂಕಿಪೊಟ್ಟಣದಷ್ಟು ಕಾಣ್ತಿದ್ರು. ನಾನು ಯಾವಾಗಲೂ ಹಿಂದೆ. ದುಡಿಯೋಕೆ ಶುರು ಮಾಡಿದ ಮೇಲೆ ಒಂದಿನ ಗೋಡೆ ತುಂಬ ಸಿನಿಮಾ ನೋಡ್ಬೇಕು ಅಂತ ಆಗಲೇ ತೀರ್ಮಾನ ಆಗಿತ್ತೋ ಏನೋ.

ಪ್ರೊಜೆಕ್ಟರಿಗೆ ಅನ್ಯಾಯ ಮಾಡಬಾರದು. ಮೊದಲ ರಾತ್ರಿ, ಮಗಳು ಮಲಗಿದ ಮೇಲೆ, ಪರದೆ ಎಳೆದು, ಲೈಟೆಲ್ಲ ಆರಿಸಿ ಆನ್ ಮಾಡಿದಾಗ ನಾನೂ ನನ್ನ ಹೆಂಡತಿಯೂ ಐದು ನಿಮಿಷ ಮಾತೇ ಆಡಲಿಲ್ಲ. 55 ಇಂಚಿನ ಟಿವಿಗಿಂತ 100 ಇಂಚಿನ ಚಿತ್ರ ಎರಡು ಪಟ್ಟು ದೊಡ್ಡದು ಅಂತ ನಾವು ಅಂದ್ಕೊಳ್ತೀವಿ. ಇಂಚು ಅನ್ನೋದು ಮೂಲೆಯಿಂದ ಮೂಲೆಗೆ ಅಳೆಯೋದು. ವಿಸ್ತೀರ್ಣ ಲೆಕ್ಕ ಹಾಕಿದ್ರೆ ಅದು 3.3 ಪಟ್ಟು. ಇನ್ನೂ ಒಂದು ವಿಷಯ. ಸಿನಿಮಾಸ್ಕೋಪ್ ಚಿತ್ರಗಳನ್ನ ಮನೆಯ 16:9 ಪರದೆಗೆ ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಎತ್ತರದ ಕಾಲು ಭಾಗ ಹೋಗುತ್ತೆ. ಸಣ್ಣ ಟಿವಿಯಲ್ಲಿ ಉಳಿಯೋದು ಒಂದು ಲೆಟರ್‌ಬಾಕ್ಸ್ ಸಂದಿ. 100 ಇಂಚಲ್ಲಿ ಆ ಪಟ್ಟಿ ಹೋದ್ಮೇಲೂ ಸಿನಿಮಾ ಸಿನಿಮಾ ಥರಾನೇ ಇರುತ್ತೆ.

ಸಮಸ್ಯೆ ಶುರುವಾಗೋದು ಬೆಳಕಿನಿಂದ. ಯಾವ ಅಂಗಡಿಯವನೂ ಹೇಳದ ಒಂದು ಸತ್ಯ ಇದೆ: ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಮಾಡೋಕೆ ಬರಲ್ಲ. ಅದು ಬೆಳಕನ್ನ ಎಸೀಬಹುದು, ಕತ್ತಲನ್ನ ಎಸೆಯೋಕಾಗಲ್ಲ. ಸಿನಿಮಾದಲ್ಲಿ ಕಪ್ಪಿರೋ ಜಾಗದಲ್ಲಿ ನಿಮಗೆ ಕಾಣೋದು ನಿಮ್ಮ ಮನೆಯ ಬಿಳಿ ಗೋಡೆ, ಆ ಹೊತ್ತಲ್ಲಿ ಅದರ ಮೇಲೆ ಎಷ್ಟು ಬೆಳಕು ಬಿದ್ದಿದೆಯೋ ಅಷ್ಟು ಬೆಳ್ಳಗೆ.

ಲೆಕ್ಕ ಹಾಕೋಣ. 100 ಇಂಚಿನ ಪರದೆ ಅಂದ್ರೆ ಸುಮಾರು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ, ಹತ್ತಿರ ಹತ್ತಿರ 2.75 ಚದರ ಮೀಟರ್. ನನ್ನ ಪ್ರೊಜೆಕ್ಟರ್ 500 ಆನ್ಸಿ ಲ್ಯೂಮೆನ್ದು. ಭಾಗಿಸಿದ್ರೆ ಪೂರ್ತಿ ಬಿಳಿ ಚಿತ್ರಕ್ಕೆ ಗೋಡೆ ಮೇಲೆ 180 ಲಕ್ಸ್. ಫೋನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿ ಅಳೆದೆ: ಟ್ಯೂಬ್‌ಲೈಟ್ ಉರೀತಿದ್ರೆ ಅದೇ ಗೋಡೆ ಮೇಲೆ 90 ಲಕ್ಸ್. ಅಂದ್ರೆ ಕಪ್ಪು 90, ಬಿಳಿ 270. ಬರೀ ಮೂರು ಪಟ್ಟಿನ ವ್ಯತ್ಯಾಸದಲ್ಲಿ ಇಡೀ ಸಿನಿಮಾ ಮುಗೀಬೇಕು. ಮಧ್ಯಾಹ್ನ ಬಾಲ್ಕನಿ ಬಾಗಿಲು ತೆಗೆದಿದ್ರೆ 300 ಲಕ್ಸ್. ಆಗ ಎರಡು ಪಟ್ಟೂ ಇಲ್ಲ, ನೀರು ಹಾಕಿದ ಮಜ್ಜಿಗೆಗೆ ಇನ್ನೊಂದು ಚೊಂಬು ನೀರು. ಟಿವಿಯ ಕಥೆ ಬೇರೆ. ಅದರ ಪರದೆಯೇ ಕಪ್ಪು, ಬಿದ್ದ ಬೆಳಕಿನಲ್ಲಿ ಸ್ವಲ್ಪ ಪಾಲನ್ನ ಮಾತ್ರ ವಾಪಸ್ ಕಳಿಸುತ್ತೆ. ಹಾಗಾಗಿ ಲೈಟ್ ಇದ್ರೂ ತಡ್ಕೊಳ್ಳುತ್ತೆ. ಒಎಲ್‌ಇಡಿ ಆದ್ರಂತೂ ಒಂದೊಂದು ಚುಕ್ಕೆಯೂ ತಾನಾಗೇ ಆರುತ್ತೆ, ಕಪ್ಪು ಅಂದ್ರೆ ಕಪ್ಪೇ.

ಇಲ್ಲೊಂದು ಎಚ್ಚರಿಕೆ. ಪ್ರೊಜೆಕ್ಟರ್ ಡಬ್ಬದ ಮೇಲೆ 'ಲ್ಯೂಮೆನ್' ಅಂತ ಸಾವಿರಗಟ್ಟಲೆ ಬರೆದಿರ್ತಾರೆ. 'ಆನ್ಸಿ' ಅಥವಾ 'ಐಎಸ್ಒ' ಅನ್ನೋ ಪದ ಪಕ್ಕದಲ್ಲಿ ಇಲ್ದಿದ್ರೆ ಆ ಸಂಖ್ಯೆ ನಂಬಬೇಡಿ. ಅದೇ ಥರ '4ಕೆ ಸಪೋರ್ಟ್' ಅಂದ್ರೆ 4ಕೆ ಚಿತ್ರ ಒಳಗೆ ತಗೊಳ್ಳುತ್ತೆ ಅಂತ ಅರ್ಥ, ಹೊರಗೆ ಕೊಡುತ್ತೆ ಅಂತಲ್ಲ. ನೇಟಿವ್ ರೆಸಲ್ಯೂಷನ್ ಎಷ್ಟು ಅಂತ ಕೇಳಿ. ಮೇಲಿನ ಬೆಳಕನ್ನ ತಡೆಯೋ ಎಎಲ್ಆರ್ ಪರದೆಗಳಿವೆ, ಗೋಡೆಗೆ ಅಂಟಿಕೊಂಡು ಕೂರೋ ಲೇಸರ್ ಪ್ರೊಜೆಕ್ಟರುಗಳೂ ಇವೆ. ಚೆನ್ನಾಗಿವೆ. ಆದ್ರೆ ಅಲ್ಲಿಗೆ ಹೋದ್ರೆ ನನ್ನ 'ಇಂಚಿಗೆ ಎಷ್ಟು ರೂಪಾಯಿ' ಕಾಲಮ್ಮಿನ ಗರ್ವಭಂಗ ಆಗುತ್ತೆ.

ಇದೆಲ್ಲ ನಾನು ಮೊದಲೇ ಲೆಕ್ಕ ಹಾಕಿದ್ದಲ್ಲ. ಅಪ್ಪ, ಅವ್ವ ಬೆಂಗಳೂರಿಗೆ ಬಂದ್ಮೇಲೆ ಹಾಕಿದ್ದು.

ಅಪ್ಪನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಒಂದು ತಿಂಗಳು ನಮ್ಮನೇಲಿ ಇರಲಿ ಅಂತ ಕರ್ಕೊಂಡು ಬಂದಿದ್ದೆ. ಅವರಿಗೆ ಕಣ್ಣು ಸರಿಹೋಗಿದ್ದಕ್ಕಿಂತ ನನಗೆ ಅವರಿಗೆ ಗೋಡೆ ತುಂಬ ಸಿನಿಮಾ ತೋರಿಸೋ ಸಂಭ್ರಮ ಹೆಚ್ಚಾಗಿತ್ತು. 'ಕಸ್ತೂರಿ ನಿವಾಸ' ಹಾಕಿದೆ. 1971ರ ಸಿನಿಮಾ. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದ್ರು, ಆದ್ರೆ ಅಪ್ಪನಿಗೆ ಗೊತ್ತಿದ್ದದ್ದು ಕಪ್ಪುಬಿಳುಪಿನದು, ಅದನ್ನೇ ಹುಡುಕಿ ಹಾಕಿದೆ. ಟ್ಯೂಬ್‌ಲೈಟ್ ಆರಿಸಿದೆ.

ಹತ್ತು ನಿಮಿಷ ಆಗಿರಬೇಕು. ಅವ್ವ ಅವರೆಕಾಯಿ ಕಾಲ. ಅಂದ್ರೆ ಅವ್ವನ ಮುಂದೆ ನೆನೆಹಾಕಿದ ಕಾಳಿನ ಪಾತ್ರೆ, ಪಕ್ಕದಲ್ಲಿ ಖಾಲಿ ತಟ್ಟೆ. "ಬೇಳೆ ಎಲ್ಲಿ ಬೀಳ್ತದೋ ಸಿಪ್ಪೆ ಎಲ್ಲಿ ಬೀಳ್ತದೋ ಕಾಣಾಕಿಲ್ಲ, ನಾನು ಅಡಿಗೆಮನೇಲಿ ಕೂತ್ಕಂತೀನಿ" ಅಂತ ಎದ್ದು ಹೋದ್ರು. ಮಗಳಿಗೆ ಹೋಂವರ್ಕ್ ಇತ್ತು, ಅವಳು ರೂಮಿಗೆ. ಅವಳ ಜೊತೆ ನನ್ನ ಹೆಂಡತಿ. 100 ಇಂಚಿನ ಮುಂದೆ ಉಳಿದವರು ನಾನು, ಅಪ್ಪ ಇಬ್ಬರೇ. ಇನ್ನೊಂದಿಷ್ಟು ಹೊತ್ತು ಬಿಟ್ಟು ಅಪ್ಪ ಮೆಲ್ಲಗೆ ಅಂದ್ರು, "ಲೈಟ್ ಹಾಕಪ್ಪ. ಯಾರ ಮುಖಾನೂ ಕಾಣಲ್ಲ."

ಸಿನಿಮಾದಲ್ಲಿ ಮುಖ ಕಾಣ್ತಿಲ್ವೇನೋ ಅಂದ್ಕೊಂಡು ಫೋಕಸ್ ಸರಿ ಮಾಡೋಕೆ ಎದ್ದೆ. "ಅದಲ್ಲ ಕಣಪ್ಪ, ಅದು ಕಾಣ್ತದೆ. ನಿಮ್ಮ ಮುಖ."

ಲೈಟ್ ಹಾಕಿದೆ. ಎಲ್ಲರೂ ವಾಪಸ್ ಬಂದ್ರು. ಗೋಡೆ ಮೇಲಿನ ರಾಜ್‌ಕುಮಾರ್ ಮಂಜಲ್ಲಿ ಕರಗಿದ ಹಾಗೆ ಕರಗಿಹೋದ್ರು. ಕಪ್ಪುಬಿಳುಪು ಸಿನಿಮಾದಲ್ಲಿ ಕಪ್ಪೇ ಹೋದ್ರೆ ಇನ್ನೇನು ಉಳೀತು? ಅವತ್ತು ಅರ್ಧಕ್ಕೇ ನಿಲ್ಲಿಸಿದ್ವಿ.

ಥಿಯೇಟರಲ್ಲಿ ಕತ್ತಲಲ್ಲಿ ಕೂರೋದು ಸರಿ. ಟಿಕೆಟ್ ತಗೊಂಡು, ಎರಡೂವರೆ ಗಂಟೆ ಬೇರೇನೂ ಕೆಲಸ ಇಲ್ಲ ಅಂತ ಒಪ್ಪಿಕೊಂಡು ಒಳಗೆ ಹೋಗಿರ್ತೀವಿ. ಮನೆಯಲ್ಲಿ ಹಾಗೆ ಯಾರೂ ಒಪ್ಪಿಕೊಂಡಿರಲ್ಲ. ಒಬ್ಬರು ಕಾಳು ಹಿದುಕ್ತಾರೆ, ಒಬ್ಬರು ಬಟ್ಟೆ ಮಡಿಚ್ತಾರೆ, ಒಬ್ಬರು ಲೆಕ್ಕ ಮಾಡ್ತಾರೆ, ನಡುನಡುವೆ ಸಿನಿಮಾ ನೋಡ್ತಾರೆ. ಅದು ಸಿನಿಮಾಕ್ಕೆ ಅವಮಾನ ಅಂತ ನಾನು ಎರಡು ವರ್ಷ ಜಗಳ ಆಡಿದ್ದೆ. ನಮ್ಮ ಮನೆಯವರು ಒಟ್ಟಿಗೆ ಕೂರೋದೇ ಹಾಗೆ ಅನ್ನೋದು ಅವತ್ತು ಗೊತ್ತಾಯ್ತು. 'ಹೋಂ ಥಿಯೇಟರ್' ಅನ್ನೋ ಪದದಲ್ಲಿ ನಾನು ಬರೀ ಎರಡನೇ ಅರ್ಧಕ್ಕೆ ದುಡ್ಡು ಕೊಟ್ಟಿದ್ದೆ.

ಹಾಗಂತ ಟಿವಿ ತಗೊಂಡ ತಕ್ಷಣ ಎಲ್ಲ ಸರಿಹೋಗಲ್ಲ. ಅದಕ್ಕೂ ಅದರದ್ದೇ ರೋಗಗಳಿವೆ.

ಮೊದಲನೇದು ಗಾತ್ರ. ಕಣ್ಣಿಗೆ ಚಿತ್ರ ಸುಮಾರು 30ರಿಂದ 40 ಡಿಗ್ರಿ ಅಗಲ ಕಂಡ್ರೆ ಸಿನಿಮಾ ನೋಡೋಕೆ ಹಿತ ಅನ್ನೋದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರೋ ಅಳತೆ. ನಮ್ಮ ಸೋಫಾದಿಂದ ಗೋಡೆಗೆ 9 ಅಡಿ. ಅಲ್ಲಿಂದ 55 ಇಂಚು 25 ಡಿಗ್ರಿ, 65 ಇಂಚು ಹೆಚ್ಚೂ ಕಡಿಮೆ 30, 75 ಇಂಚು 34, 100 ಇಂಚು 44. ಅಂದ್ರೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 55 ಇಂಚು ಸಣ್ಣದು, 100 ಇಂಚು ಸ್ವಲ್ಪ ಜಾಸ್ತಿನೇ. ಟೇಪ್ ಹಿಡಿದು ದೂರ ಅಳೆದು, ನ್ಯೂಸ್ ಪೇಪರ್ ಅಂಟಿಸಿ ಗೋಡೆ ಮೇಲೆ ಗಾತ್ರ ಗುರುತು ಹಾಕಿ ನೋಡಿ. ಶೋರೂಮಲ್ಲಿ ಕಣ್ಣಂದಾಜು ಮಾಡಬೇಡಿ, ಆ ದೊಡ್ಡ ಜಾಗದಲ್ಲಿ ಎಲ್ಲ ಟಿವಿಯೂ ಚಿಕ್ಕದೇ.

ಎರಡನೇದು ಎತ್ತರ. ಅಪ್ಪ ಸೋಫಾ ಮೇಲೆ ಕೂರಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂರ್ತಾರೆ. ಹಾಕೋಕೆ ಬಂದ ಹುಡುಗ ಕ್ಯಾಲೆಂಡರ್ ನೇತುಹಾಕೋ ಎತ್ತರಕ್ಕೆ ಟಿವಿ ಹಾಕೋಕೆ ನೋಡಿದ. ತಡೆದೆ. ಜನ ಪಕ್ಕದಲ್ಲೂ ಕೂರ್ತಾರೆ ಅನ್ನೋದಾದ್ರೆ ಪ್ಯಾನೆಲ್ ಯಾವುದು ಅಂತ ಕೇಳಿ. ವಿಎ ಪ್ಯಾನೆಲಲ್ಲಿ ಕಪ್ಪು ಚೆನ್ನಾಗಿರುತ್ತೆ, ಆದ್ರೆ ಪಕ್ಕದಿಂದ ಬಣ್ಣ ಪೇಲವ. ಐಪಿಎಸ್ ಪಕ್ಕದಿಂದ ಚೆನ್ನ, ಆದ್ರೆ ಕಪ್ಪು ಬೂದಿ. ಒಎಲ್‌ಇಡಿಗೆ ಎರಡೂ ಚೆನ್ನ, ಜೇಬಿಗೆ ಮಾತ್ರ ಚೆನ್ನಲ್ಲ.

ಮೂರನೇದು ನನಗೆ ಮೈ ಉರಿಯೋ ವಿಷಯ. ಸಿನಿಮಾಗಳನ್ನ ಸೆಕೆಂಡಿಗೆ 24 ಫ್ರೇಮಿನಂತೆ ತೆಗೀತಾರೆ. ಹೊಸ ಟಿವಿ ಡಬ್ಬದಿಂದ ಹೊರಗೆ ಬಂದಾಗ ಅದರಲ್ಲಿ ಮೋಷನ್ ಸ್ಮೂದಿಂಗ್ ಆನ್ ಆಗಿರುತ್ತೆ. ಇಲ್ಲದ ಫ್ರೇಮುಗಳನ್ನ ತಾನೇ ಹುಟ್ಟಿಸಿ ನಡುವೆ ತುರುಕುತ್ತೆ. ಫಲವಾಗಿ ಎಷ್ಟು ದೊಡ್ಡ ಸಿನಿಮಾ ಆದ್ರೂ ಸಂಜೆ ಏಳರ ಸೀರಿಯಲ್ ಥರ ಜಾರುತ್ತೆ. 2018ರಲ್ಲಿ ಟಾಮ್ ಕ್ರೂಸ್ ಕೂಡ ವಿಡಿಯೋ ಮಾಡಿ ಇದನ್ನ ಆಫ್ ಮಾಡಿ ಅಂತ ಕೇಳಿಕೊಂಡ. ಮರುವರ್ಷ 'ಫಿಲ್ಮ್‌ಮೇಕರ್ ಮೋಡ್' ಅಂತ ಒಂದನ್ನ ಘೋಷಿಸಿದ್ರು. ನಿಮ್ಮ ಟಿವಿಯಲ್ಲಿದ್ರೆ ಒತ್ತಿ. ಇಲ್ದಿದ್ರೆ 'ಸಿನಿಮಾ' ಮೋಡ್ ಹಾಕಿ, ಸ್ಮೂದಿಂಗ್ ಆಫ್ ಮಾಡಿ. ಹಳೇ ಸಿನಿಮಾವನ್ನ ಪರದೆ ತುಂಬಿಸೋಕೆ ಅಂತ ಎಳೆದು ಅಗಲ ಮಾಡಬೇಡಿ. ಅವುಗಳ ಚೌಕಟ್ಟು ಹೆಚ್ಚೂ ಕಡಿಮೆ 4:3. ಎರಡೂ ಪಕ್ಕ ಕಪ್ಪು ಬಿಟ್ಟರೂ ಪರವಾಗಿಲ್ಲ, ರಾಜ್‌ಕುಮಾರ್ ದಪ್ಪ ಆಗಬಾರದು.

ಕೊನೇದು ಧ್ವನಿ. ನಮ್ಮ ಚರ್ಚೆಯೆಲ್ಲ ಚಿತ್ರದ ಬಗ್ಗೆ, ಆದ್ರೆ ವಯಸ್ಸಾದವರು ಮೊದಲು ಕಳ್ಕೊಳ್ಳೋದು ಮಾತನ್ನ. ಪ್ರೊಜೆಕ್ಟರ್ ಇದ್ದಾಗ ಗೋಡೆ ಮೇಲಿನ ಮನುಷ್ಯ ಟೀಪಾಯಿ ಮೇಲಿಂದ ಮಾತಾಡ್ತಿದ್ದ, ಜೊತೆಗೆ ಅದರ ಫ್ಯಾನಿನ ಗುಂಯ್. ಬ್ಲೂಟೂತ್ ಸ್ಪೀಕರ್ ಹಾಕಿದ್ರೆ ತುಟಿ ಮೊದಲು, ಮಾತು ಆಮೇಲೆ. ತೆಳು ಟಿವಿಯದ್ದೂ ಅದೇ ಹಣೆಬರಹ, ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತೆ. ನಾನು ನೋಡಿದ ಬಹುಪಾಲು ಕನ್ನಡ ಸಿನಿಮಾಗಳಿಗೆ ಒಟಿಟಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ. ಅಪ್ಪನಿಗೆ ಅದರಿಂದೇನು ಉಪಯೋಗ? ಹಾಗಾಗಿ ಇದ್ದ ಬಜೆಟ್ಟಲ್ಲಿ ಒಂದು ಪಾಲು ತೆಗೆದು, ಮಾತಿಗೇ ಅಂತ ನಡುವೆ ಪ್ರತ್ಯೇಕ ಸ್ಪೀಕರ್ ಇರೋ 3.1 ಸೌಂಡ್‌ಬಾರ್ ತಗೊಂಡೆ, ಎಚ್‌ಡಿಎಂಐ ಇಆರ್ಕ್ ವೈರಲ್ಲೇ ಸೇರಿಸಿದೆ. ಅಪ್ಪ "ಏನಂದ?" ಅಂತ ಕೇಳೋದು ಅರ್ಧಕ್ಕೆ ಇಳೀತು. ನಾನು ಕೊಂಡದ್ದರಲ್ಲಿ ಅತಿ ಹೆಚ್ಚು ಬೆಲೆ ಬಾಳಿದ್ದು ಅದೇ.

ಹಾಗಾದ್ರೆ ಪ್ರೊಜೆಕ್ಟರ್ ಯಾರಿಗೆ? ಬೇರೆಯದೇ ಒಂದು ರೂಮಿದ್ದು, ಕಿಟಕಿ ಪೂರ್ತಿ ಮುಚ್ಚೋಕಾಗೋರಿಗೆ. ರಾತ್ರಿ ಹತ್ತರ ಮೇಲೆ, ಎಲ್ಲರೂ ಬೇರೆ ಕೆಲಸ ಬಿಟ್ಟು ಕೂರೋ ಮನೆಗೆ. ಅಂಥವರಿಗೆ ಅದರಷ್ಟು ಸುಖ ಯಾವ ಟಿವಿಯೂ ಕೊಡಲ್ಲ. ನಮ್ಮನೆಯದು ಈಗ ಊರಲ್ಲಿದೆ. ಹೋದ ಗಣೇಶನ ಹಬ್ಬಕ್ಕೆ ನಮ್ಮ ಕಣದಲ್ಲಿ ಬಿಳಿ ಪಂಚೆ ಕಟ್ಟಿ ಹಾಕಿದ್ವಿ. ಬೀದಿ ದೀಪ ದೂರ, ಸುತ್ತ ತೆಂಗಿನ ತೋಟ, ಕತ್ತಲು ಪುಕ್ಕಟೆ. ನಾನು ಈ ಸಲ ಬೇಕಂತಲೇ ಹಿಂದೆ ಕೂತೆ. ಎಲ್ಲ ಚೆನ್ನಾಗಿ ಕಾಣ್ತಿತ್ತು.

ಹಾಲಲ್ಲಿ ಈಗ 75 ಇಂಚಿನ ಟಿವಿ. ಅಪ್ಪ, ಅವ್ವ ಮತ್ತೆ ಬಂದಾಗ 'ಕಸ್ತೂರಿ ನಿವಾಸ' ಮೊದಲಿಂದ ಹಾಕಿದೆ, ಟ್ಯೂಬ್‌ಲೈಟ್ ಉರೀತಾನೇ ಇತ್ತು. ಅವ್ವ ಈ ಸಲ ಸೊಪ್ಪು ಬಿಡಿಸ್ತಿದ್ರು. ಮಗಳು ನಡುನಡುವೆ ತಾತನಿಗೆ ಕಥೆ ಕೇಳ್ತಿದ್ಲು, ತಾತ ಮುಂದಿನ ಸೀನನ್ನ ಮುಂಚೇನೇ ಹೇಳಿಬಿಡ್ತಿದ್ರು. ಸಿನಿಮಾ ನೋಡೋ ಪದ್ಧತಿಯೇ ಅಲ್ಲ ಅದು. ಆದ್ರೆ ಕೊನೇ ಸೀನಲ್ಲಿ ಅವ್ವನ ಕೈ ಸೊಪ್ಪಿನ ಮೇಲೇ ನಿಂತಿದ್ದನ್ನ, ಅಪ್ಪ ಆಪರೇಷನ್ ಆದ ಕಣ್ಣನ್ನ ಟವಲ್ಲಿಂದ ಒತ್ತಿಕೊಂಡಿದ್ದನ್ನ ನಾನು ನೋಡಿದೆ. ಲೈಟ್ ಆರಿಸಿದ್ರೆ ಅದು ಕಾಣ್ತಿರಲಿಲ್ಲ.

ಹಾಗಾಗಿ ನನ್ನ ಡೆಸ್ಕಿಗೆ ಬರೋರಿಗೆ ಈಗ ಒಂದೇ ಪ್ರಶ್ನೆ ಕೇಳ್ತೀನಿ. ಶೋರೂಮಿಗೆ ಹೋಗೋ ಮೊದಲು ಇವತ್ತು ರಾತ್ರಿ ಎಂಟು ಗಂಟೆಗೆ ನಿಮ್ಮ ಹಾಲಲ್ಲಿ ಸುಮ್ಮನೆ ಕೂತು ನೋಡಿ. ಯಾರ್ಯಾರಿದ್ದಾರೆ, ಯಾರ ಕೈಯಲ್ಲಿ ಏನು ಕೆಲಸ ಇದೆ? ಆಮೇಲೆ ಹೇಳಿ, ನಿಮ್ಮನೇಲಿ ಟ್ಯೂಬ್‌ಲೈಟ್ ಆರಿಸೋದು ಯಾರು? ಆರಿಸಿದ್ರೆ ಎದ್ದು ಹೋಗೋದು ಯಾರು?