ಚಿತ್ರದೊಳಗೆ ಒಡೆದ ಅಕ್ಕಿಹೆಬ್ಬಾಳು

ಹಬ್ಬದ ಶುಭಾಶಯ, ನಾಮಕರಣದ ಕರೆಯೋಲೆ, ಶಾಲೆಯ ಪ್ರಶಸ್ತಿಪತ್ರ ಯಾವುದೇ ಇರಲಿ, ಹೆಸರು ಟೈಪ್ ಮಾಡಿದ ಕೂಡಲೇ ಅದು ಬಣ್ಣದ ಚಿತ್ರದ ಮೇಲೆ ಮೂಡಿ ವಾಟ್ಸ್ಆ್ಯಪ್‌ಗೆ ಸಿದ್ಧವಾಗುತ್ತದೆ. ಇಂಥ ಎಷ್ಟೋ ಸೇವೆಗಳ ಹಿಂದೆ ಇರುವುದು ಪಿಎಚ್‌ಪಿ ಮತ್ತು ಅದರ ಜಿಡಿ ಎಂಬ ಚಿತ್ರಕೋಶ. ಇಂಗ್ಲಿಷ್ ಹೆಸರಿಗೆ ಅದು ಚೆನ್ನಾಗಿಯೇ ದುಡಿಯುತ್ತದೆ. ಕನ್ನಡಕ್ಕೆ ಅದನ್ನು ಹಾಗೆಯೇ ಬಳಸುವ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿಯ ದಂಡೆಯ ಮೇಲಿರುವ ಅಕ್ಕಿಹೆಬ್ಬಾಳಿನ ಹೆಸರನ್ನೇ ತೆಗೆದುಕೊಳ್ಳಿ. ಇದರಲ್ಲಿ ಎರಡು ಒತ್ತಕ್ಷರಗಳಿವೆ. ಗುಡಿಸು, ಎತ್ವ, ಇಳಿ, ಕೊಂಬು ನಾಲ್ಕೂ ಇವೆ. ಜಿಡಿಯ ಇಮೇಜ್‌ಟಿಟಿಎಫ್‌ಟೆಕ್ಸ್ಟ್ ಎಂಬ ಆಜ್ಞೆಗೆ ಈ ಪದ ಕೊಟ್ಟರೆ ಅದು ಯುನಿಕೋಡ್ ಸಂಕೇತಗಳನ್ನು ಒಂದಾದ ಮೇಲೊಂದರಂತೆ ಫಾಂಟಿನಿಂದ ಎತ್ತಿ ಸಾಲಾಗಿ ಇಡುತ್ತದೆ, ಅಷ್ಟೇ. ಕಕಾರದ ಪಕ್ಕದಲ್ಲಿ ಹಲಂತದ ಗುರುತು, ಅದರಾಚೆ ಮತ್ತೊಂದು ಪೂರ್ತಿ ಕಕಾರ, ಆಮೇಲೆ ಯಾವುದಕ್ಕೂ ಅಂಟದ ಗುಡಿಸು. ಹಕಾರದ ತಲಕಟ್ಟು ಹೋಗುವುದಿಲ್ಲ, ಇಳಿ ಬೇರೆಯಾಗಿ ನಿಲ್ಲುತ್ತದೆ. ಕರ್ನಾಟಕ ಎಂಬ ಹೆಸರಿನಲ್ಲೂ ಅರ್ಕಾವೊತ್ತು ತನ್ನ ಜಾಗಕ್ಕೆ ಬರುವುದಿಲ್ಲ. ಮಂಡ್ಯ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಎಲ್ಲಕ್ಕೂ ಇದೇ ಗತಿ.

ತಪ್ಪು ಫಾಂಟಿನದಲ್ಲ. ಯಾವ ಅಕ್ಷರ ಒತ್ತಾಗಬೇಕು, ಯಾವ ಗುರುತು ಹೇಗೆ ಅಂಟಬೇಕು ಎಂಬ ನಿಯಮಗಳು ನೋಟೊ ಸಾನ್ಸ್ ಕನ್ನಡ, ಲೋಹಿತ್ ಮುಂತಾದ ಓಪನ್‌ಟೈಪ್ ಫಾಂಟುಗಳ ಒಳಗೇ ಇವೆ. ಆ ನಿಯಮಗಳನ್ನು ಓದಿ ಅಕ್ಷರ ಜೋಡಿಸಲು ಹಾರ್ಫ್‌ಬಜ್‌ನಂಥ ತಂತ್ರಾಂಶ ಬೇಕು. ಪಿಎಚ್‌ಪಿಯೊಡನೆ ಬರುವ ಜಿಡಿ ಅದನ್ನು ಕರೆಯುವುದಿಲ್ಲ. ಫ್ರೀಟೈಪ್ ಎಂಬ ಕೋಶದಿಂದ ಬಿಡಿ ಆಕಾರಗಳನ್ನಷ್ಟೇ ಪಡೆಯುತ್ತದೆ. ಫಾಂಟು ಬದಲಿಸುತ್ತಾ ಕೂರುವವರ ಶ್ರಮ ಆದ್ದರಿಂದ ವ್ಯರ್ಥ.

ಈ ದೋಷ ಬೇಗ ಕಣ್ಣಿಗೆ ಬೀಳದಿರುವುದೂ ಉಂಟು. ಪರೀಕ್ಷೆಗೆಂದು ‘ಕಮಲ’ ಎಂದು ಹೊಡೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೇವೆ ಜನರ ಕೈ ಸೇರಿ, ಲಕ್ಷ್ಮಮ್ಮನವರು ತಮ್ಮ ಹೆಸರು ಬರೆದಾಗ ಚಿತ್ರ ಕೆಡುತ್ತದೆ. ತನ್ನ ಹೆಸರು ಒಡೆದುಬಂದ ಅಭಿನಂದನೆಯನ್ನು ಯಾರು ತಾನೇ ಸಂತೋಷದಿಂದ ಹಂಚಿಕೊಂಡಾರು?

ಕೆಲವರು ಹಿಡಿದಿರುವ ಅಡ್ಡದಾರಿ ಹಳೆಯ ಆಸ್ಕಿ ಮಾದರಿಯ ನುಡಿ, ಬರಹ ಫಾಂಟುಗಳದು. ಅವುಗಳಲ್ಲಿ ಒತ್ತು, ಗುಡಿಸುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ತುಂಡುತುಂಡಾಗಿ ಕುಳಿತಿರುವುದರಿಂದ ಜಿಡಿಯೂ ಅವನ್ನು ಸರಿಯಾಗಿ ಸಾಲುಗೂಡಿಸುತ್ತದೆ. ಯುನಿಕೋಡಿಗೆ ಮುಂಚೆ ಕನ್ನಡದ ಡಿಟಿಪಿಯನ್ನು ಸಾಕಿದ್ದು ಇಂಥ ಫಾಂಟುಗಳೇ, ಆ ಋಣ ದೊಡ್ಡದು. ಆದರೆ ಇಂದು ಮೊಬೈಲಿನಲ್ಲಿ ಜನ ಬರೆಯುವುದು ಯುನಿಕೋಡಿನಲ್ಲಿ. ಅದನ್ನು ಹಿಂದಕ್ಕೆ ಪರಿವರ್ತಿಸುವ ಕೋಡು ಅಪರೂಪದ ಒತ್ತುಗಳಲ್ಲಿ ಎಡವುತ್ತದೆ, ಹೊಸ ಫಾಂಟುಗಳ ಚೆಲುವೂ ಕೈತಪ್ಪುತ್ತದೆ. ತಾತ್ಕಾಲಿಕ ಉಪಾಯವಾಗಿಯೂ ನಾನಿದನ್ನು ಒಪ್ಪಲಾರೆ.

ಸರಿಯಾದ ದಾರಿ ಇಮ್ಯಾಜಿಕ್ ಎಂಬ ಪಿಎಚ್‌ಪಿ ವಿಸ್ತರಣೆ. ಅದರ ಹಿಂದಿರುವ ಇಮೇಜ್‌ಮ್ಯಾಜಿಕ್ ತಂತ್ರಾಂಶವನ್ನು ಪ್ಯಾಂಗೊ ಎಂಬ ಅಕ್ಷರವಿನ್ಯಾಸ ಕೋಶದ ಬೆಂಬಲದೊಡನೆ ಸರ್ವರಿನಲ್ಲಿ ಹಾಕಿಸಿದರೆ ಪ್ಯಾಂಗೊ ಹಾರ್ಫ್‌ಬಜ್ ಮೂಲಕ ಒತ್ತು ಸೇರಿಸಿ ಸಾಲನ್ನು ಸರಿಯಾಗಿ ಮುರಿಯುತ್ತದೆ. ಫಾಂಟನ್ನು ಫೈಲಿನ ದಾರಿಯಿಂದಲ್ಲ, ಸರ್ವರಿನಲ್ಲಿ ಸ್ಥಾಪಿಸಿದ ಹೆಸರಿನಿಂದ ಕರೆಯಬೇಕು. ಕಡಿಮೆ ಬೆಲೆಯ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಈ ಅನುಕೂಲ ಸಿಗದಿರಬಹುದು, ಜಿಡಿ ಮಾತ್ರ ಸಾಮಾನ್ಯವಾಗಿ ಸಿಗುತ್ತದೆ. ಜನ ಅದಕ್ಕೇ ಜೋತುಬಿದ್ದಿರುವ ಕಾರಣ ಅರ್ಥವಾಗುವಂಥದು, ಫಲಿತಾಂಶವನ್ನು ಮಾತ್ರ ಒಪ್ಪುವಂತಿಲ್ಲ.

ಅಕ್ಷರ ಕೂಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಂಗ್ಲಿಷಿಗೆಂದು ಅಳೆದ ಪಟ್ಟಿಯೊಳಗೆ ಕನ್ನಡ ತುರುಕಿದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ, ಎರಡು ಸಾಲಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ. ಕನ್ನಡಕ್ಕೆ ಸಾಲಿನ ನಡುವೆ ಹೆಚ್ಚು ಜಾಗ ಬೇಕೇಬೇಕು. ದಪ್ಪ ಅಕ್ಷರಕ್ಕಾಗಿ ಅದೇ ಪದವನ್ನು ಒಂದು ಪಿಕ್ಸೆಲ್ ಸರಿಸಿ ಮತ್ತೆ ಬರೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಬೇರೆಯಾಗುವುದು ಬುಡದ ಒಂದು ಚಿಕ್ಕ ಸೀಳಿನಿಂದ. ಆ ಸೀಳು ಮುಚ್ಚಿಹೋದರೆ ‘ಧನ’ ಹೋಗಿ ‘ದನ’ ಆಗುತ್ತದೆ. ದಪ್ಪ ಬೇಕೆಂದರೆ ದಪ್ಪವಾಗಿಯೇ ಬರೆದ ಫಾಂಟು ಆರಿಸಬೇಕು. ಏಕ್ ಟೈಪ್‌ನವರ ‘ಬಲೂ ತಮ್ಮ’ ಫಾಂಟು ಶುಭಾಶಯಕ್ಕೆ ಚೆನ್ನಾಗಿ ಒಪ್ಪುತ್ತದೆ, ಪ್ರಶಸ್ತಿಪತ್ರಕ್ಕೆ ನೋಟೊ ಸೆರಿಫ್ ಕನ್ನಡ ವಾಸಿ.

ಮೈಸೂರು–ಅರಸೀಕೆರೆ ಮಾರ್ಗದ ರೈಲಿನಲ್ಲಿ ಹೋಗುವವರು ಅಕ್ಕಿಹೆಬ್ಬಾಳು ನಿಲ್ದಾಣದ ಫಲಕದಲ್ಲಿ ಈ ಹೆಸರನ್ನು ಓದಿಕೊಂಡು ಹೋಗುತ್ತಾರೆ. ಅದೇ ಹೆಸರು ಕಂಪ್ಯೂಟರ್ ಬರೆದ ಚಿತ್ರದಲ್ಲಿ ಒಡೆದು ಬರುವುದಕ್ಕೆ ಇಂದು ತಾಂತ್ರಿಕ ನೆಪ ಉಳಿದಿಲ್ಲ. ಹೆಸರು ಬರೆದುಕೊಡುವ ಸೇವೆ ಕಟ್ಟುತ್ತಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಬಿಡುಗಡೆಗೆ ಮುನ್ನ ಅಕ್ಕಿಹೆಬ್ಬಾಳು, ಲಕ್ಷ್ಮಮ್ಮ, ಕರ್ನಾಟಕ ಈ ಮೂರನ್ನೂ ಬರೆಸಿ ನೋಡಿ. ಮೂರರಲ್ಲಿ ಒಂದು ಕೆಟ್ಟರೂ ಸೇವೆಯನ್ನು ಜನರ ಮುಂದಿಡಬೇಡಿ.