ಪ್ರಫುಲ್ಲಚಂದ್ರ ರಾಯರ ಮತವೂ ಕನ್ನಡದ ಸಾಕ್ಷ್ಯವೂ

ಹಿಂದೂದೇಶದ ರಸಾಯನಶಾಸ್ತ್ರದ ಚರಿತ್ರೆಯನ್ನು ಮೂಲಗ್ರಂಥಗಳ ಆಧಾರದಿಂದ ವಿಸ್ತಾರವಾಗಿ ನಿರೂಪಿಸಿದ ಕೀರ್ತಿ ಆಚಾರ್ಯ ಪ್ರಫುಲ್ಲಚಂದ್ರ ರಾಯರಿಗೆ ಸಲ್ಲತಕ್ಕುದು. ಫ್ರಾನ್ಸ್ ದೇಶದ ರಸಾಯನಪಂಡಿತ ಬೆರ್ತಲೋ ಅವರ ಪ್ರೋತ್ಸಾಹದಿಂದ ಹುಟ್ಟಿದ ಅವರ ಗ್ರಂಥದ ಮೊದಲನೆಯ ಸಂಪುಟವು ೧೯೦೨ರಲ್ಲಿಯೂ ಎರಡನೆಯದು ೧೯೦೯ರಲ್ಲಿಯೂ ಪ್ರಕಟವಾದುವು. ರಸಾರ್ಣವವೇ ಮೊದಲಾದ ತಂತ್ರಗಳನ್ನು ಶೋಧಿಸಿ, ಲೋಹಗಳ ಶೋಧನ ಮಾರಣ ಕ್ರಮಗಳನ್ನೂ ಯಂತ್ರಗಳ ರೂಪವನ್ನೂ ಆಧುನಿಕರಿಗೆ ತಿಳಿಯುವಂತೆ ವಿವರಿಸಿದುದು ಆ ಗ್ರಂಥದ ಒಂದು ಭಾಗ. ಅಂತಹ ಶಾಸ್ತ್ರವು ಕಾಲಕ್ರಮದಲ್ಲಿ ಏಕೆ ಕುಂದಿತೆಂಬ ಪ್ರಶ್ನೆಗೆ ಹೇಳಿದ ಉತ್ತರವು ಇನ್ನೊಂದು ಭಾಗ. ಮೊದಲನೆಯದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವರು. ಎರಡನೆಯದು ಇಂದಿಗೂ ಪರೀಕ್ಷೆಗೆ ಅರ್ಹವಾಗಿದೆ.

ರಾಯರ ಉತ್ತರದ ಸಾರವಿಷ್ಟು. ವರ್ಣವ್ಯವಸ್ಥೆಯು ಬಿಗಿಯಾದಂತೆಲ್ಲ ಶಿಲ್ಪಗಳೂ ಕರಕೌಶಲಗಳೂ ಕೆಳಗಿನವೆಂದೆಣಿಸಿದ ಜಾತಿಗಳ ಪಾಲಿಗೆ ಬಿಟ್ಟುಹೋದುವು. ಬುದ್ಧಿಯನ್ನು ಬೆಳೆಸಿದ ವರ್ಗವು ಕೈಕೆಲಸವನ್ನು ತೊರೆಯಿತು. ಕೈಕೆಲಸ ಬಲ್ಲ ವರ್ಗಕ್ಕೆ ವಿದ್ಯೆಯ ಬಾಗಿಲು ಮುಚ್ಚಿತು. ಹೀಗೆ ‘ಹೇಗೆ’ ಎಂಬುದನ್ನು ಬಲ್ಲವನೂ ‘ಏಕೆ’ ಎಂದು ಕೇಳಬಲ್ಲವನೂ ಬೇರೆಯಾದರು. ಇದರ ಜೊತೆಗೆ ಜಗತ್ತು ಮಿಥ್ಯೆಯೆಂದು ಬೋಧಿಸಿದ ವೇದಾಂತವು ಪದಾರ್ಥಗಳ ವಿಚಾರದಲ್ಲಿ ಆಸಕ್ತಿಯನ್ನು ಕುಗ್ಗಿಸಿತು. ಹೀಗೆಂದ ರಾಯರು ಮಾತಿನಲ್ಲಿಯೇ ನಿಲ್ಲಲಿಲ್ಲ. ದನದ ಮೂಳೆಗಳನ್ನು ತರಿಸಿ ಅವುಗಳಿಂದ ಔಷಧೋಪಯೋಗಿಯಾದ ಲವಣವನ್ನು ತಯಾರಿಸಿ ಬೆಂಗಾಲ್ ಕೆಮಿಕಲ್ ಕಾರ್ಖಾನೆಗೆ ತಳಹದಿ ಹಾಕಿದವರು ಅವರು. ಆದುದರಿಂದ ಈ ಮತವನ್ನು ಸಂಪ್ರದಾಯನಿಂದೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೇಳಿದವರು ದೊಡ್ಡವರೆಂದು ಸಿದ್ಧಾಂತವಾಗಿ ಹಿಡಿಯುವುದೂ ನ್ಯಾಯವಲ್ಲ. ರಾಯರ ಸಾಕ್ಷ್ಯಗಳು ಬಹುತೇಕ ಸಂಸ್ಕೃತಗ್ರಂಥಗಳು. ದೇಶಭಾಷೆಯ ಸಾಕ್ಷ್ಯವನ್ನು ಕೇಳಿದಮೇಲೆಯೂ ಆ ಮತವು ನಿಲ್ಲುವುದೇ ಎಂಬುದು ಇಲ್ಲಿಯ ವಿಚಾರ.

ಮೊದಲು ವೇದಾಂತದ ಮೇಲಿನ ಆಕ್ಷೇಪವನ್ನು ಪರ್ಯಾಲೋಚಿಸಬಹುದು. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಿಂದ ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು ಅದ್ವೈತಿಗಳ ಪರಂಪರೆಯಲ್ಲಿ ಹುಟ್ಟಿದ ಗ್ರಂಥ. ಅದರಲ್ಲಿ ರಸೇಶ್ವರದರ್ಶನಕ್ಕೆ ಒಂದು ಪ್ರತ್ಯೇಕ ಪ್ರಕರಣವೇ ಮೀಸಲಾಗಿದೆ. ಸಂಸಾರದ ಆಚೆಯ ದಡಕ್ಕೆ ಮುಟ್ಟಿಸುವುದರಿಂದ ಪಾದರಸಕ್ಕೆ ಪಾರದವೆಂಬ ಹೆಸರೆಂಬ ನಿರುಕ್ತಿಯೂ, ಪಾರದಕ್ಕೆ ಮಾಡಬೇಕಾದ ೧೮ ಸಂಸ್ಕಾರಗಳ ಗಣನೆಯೂ ಅಲ್ಲಿವೆ. ಇವೆಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದಿದೆ: ಸಿದ್ಧವಾದ ರಸವನ್ನು ಮೊದಲು ಲೋಹದ ಮೇಲೆ ಪರೀಕ್ಷಿಸಿ, ಆಮೇಲೆ ದೇಹದಲ್ಲಿ ಪ್ರಯೋಗಿಸಬೇಕೆಂಬ ವಿಧಿ. ಪದಾರ್ಥದಲ್ಲಿ ಪರೀಕ್ಷೆಯಾಗದುದನ್ನು ಪುರುಷಾರ್ಥಕ್ಕೆ ಬಳಸಬಾರದೆಂಬ ಈ ಮಾತು ಜಗತ್ತನ್ನು ಅಲಕ್ಷಿಸಿದವರ ಮಾತಲ್ಲ. ಅದ್ವೈತದ ಸಂಗ್ರಹಕಾರನೇ ಇದನ್ನು ಒಂದು ದರ್ಶನವೆಂದು ನಿರೂಪಿಸಿರುವಾಗ, ವೇದಾಂತವು ರಸಾಯನವಿದ್ಯೆಯನ್ನು ಕೊಂದಿತೆಂಬ ವಾದವು ದುರ್ಬಲವಾಗುತ್ತದೆ. ಆದರೆ ಅದೇ ಪ್ರಕರಣವು ರಾಯರ ಪಕ್ಷಕ್ಕೆ ಬೇರೊಂದು ಬಲವನ್ನೂ ಕೊಡುತ್ತದೆ. ಪಾದರಸಕ್ಕೆ ಸಿಕ್ಕಿದ ದರ್ಶನಪದವಿಯು ಕಬ್ಬಿಣಕ್ಕಾಗಲಿ ಸುಣ್ಣಕ್ಕಾಗಲಿ ಬಣ್ಣಕ್ಕಾಗಲಿ ಸಿಕ್ಕಲಿಲ್ಲ. ಮೋಕ್ಷಕ್ಕೆ ಉಪಯೋಗಿಸುವ ಪದಾರ್ಥವು ಶಾಸ್ತ್ರಕ್ಕೆ ವಿಷಯವಾಯಿತು. ಬಾಳಿಗೆ ಉಪಯೋಗಿಸುವ ಪದಾರ್ಥವು ಕಸುಬಾಗಿಯೇ ಉಳಿಯಿತು.

ಇನ್ನು ಕನ್ನಡದ ಗ್ರಂಥಗಳು. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಇಮ್ಮಡಿ ಚಾವುಂಡರಾಯನ ಲೋಕೋಪಕಾರವು ಇಲ್ಲಿ ಮುಖ್ಯವಾದ ಸಾಕ್ಷಿ. ಉದಕವನ್ನು ಕಂಡುಹಿಡಿಯುವ ಕ್ರಮ, ವೃಕ್ಷಾಯುರ್ವೇದ, ಗಂಧಯುಕ್ತಿ, ಸೂಪಶಾಸ್ತ್ರ, ವಿಷಚಿಕಿತ್ಸೆ ಮೊದಲಾದುವನ್ನು ಕವಿಯು ಕನ್ನಡದ ಪದ್ಯಗಳಲ್ಲಿ ಇಳಿಸಿರುವನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮೊದಲನೆಯ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಗಳನ್ನೂ ಅವುಗಳ ಪ್ರತೀಕಾರಗಳನ್ನೂ ೧೬ ಅಧಿಕಾರಗಳಲ್ಲಿ ವಿವರಿಸಿದನು. ಗಂಧವನ್ನು ಕೂಡಿಸುವುದು, ಅಡಿಗೆಯನ್ನು ಪಾಕಮಾಡುವುದು, ವಿಷವನ್ನು ಮುರಿಯುವುದು ಇವೆಲ್ಲ ಪದಾರ್ಥಗಳ ಸಂಯೋಗವಿಯೋಗಗಳ ವಿದ್ಯೆಯೇ ಆಗಿವೆ. ಇವನ್ನು ಬರೆದವರು ಅಕ್ಷರಸ್ಥರು, ರಾಜಾಶ್ರಯವನ್ನೂ ಕಾವ್ಯಮಾರ್ಗವನ್ನೂ ಬಲ್ಲವರು. ಕೈಕೆಲಸಕ್ಕೆ ಗ್ರಂಥದ ಬಾಗಿಲು ಪೂರ್ತಿಯಾಗಿ ಮುಚ್ಚಿತ್ತೆಂದು ಹೇಳುವವರು ಈ ಕೃತಿಗಳಿಗೆ ಉತ್ತರ ಹೇಳಬೇಕಾಗುವುದು.

ಆದರೆ ಇಲ್ಲಿಯೇ ಒಂದು ಮಿತಿಯೂ ಗೋಚರಿಸುತ್ತದೆ. ಈ ಗ್ರಂಥಗಳಲ್ಲಿ ವಿಧಿಯೇ ಪ್ರಧಾನ. ಇಂಥ ದ್ರವ್ಯವನ್ನು ಇಂಥದರೊಡನೆ ಅರೆಯಬೇಕು, ಇಷ್ಟು ಹೊತ್ತು ನೆನೆಯಿಸಬೇಕು, ಇಂಥ ಫಲ ಬರುವುದು ಎಂಬಲ್ಲಿಗೆ ಪದ್ಯವು ಮುಗಿಯುತ್ತದೆ. ಬಾಯಿಪಾಠಕ್ಕೆ ಕಂದಪದ್ಯವು ಬಹಳ ಅನುಕೂಲ. ಆದರೆ ಫಲ ಬಾರದಿದ್ದಾಗ ಏನಾಯಿತು, ಅಳತೆ ತಪ್ಪಿದರೆ ಏನಾಗುವುದು, ಎರಡು ಮತಗಳಲ್ಲಿ ಯಾವುದು ಪ್ರಯೋಗಕ್ಕೆ ನಿಂತಿತು ಎಂಬ ವಿಚಾರಕ್ಕೆ ಅದರಲ್ಲಿ ಎಡೆಯಿಲ್ಲ. ವ್ಯಾಕರಣಕ್ಕೂ ಅಲಂಕಾರಕ್ಕೂ ಸೂತ್ರದ ಮೇಲೆ ವೃತ್ತಿ, ವೃತ್ತಿಯ ಮೇಲೆ ವ್ಯಾಖ್ಯಾನ, ಅದರಲ್ಲಿ ಪೂರ್ವಪಕ್ಷ ಸಿದ್ಧಾಂತಗಳು ಬೆಳೆದುವು. ಗಂಧಯುಕ್ತಿಗೂ ಸೂಪಶಾಸ್ತ್ರಕ್ಕೂ ಅಂತಹ ವ್ಯಾಖ್ಯಾನಪರಂಪರೆ ಬೆಳೆಯಲಿಲ್ಲ. ಕೊರತೆಯು ಬುದ್ಧಿಯದಲ್ಲ, ಪ್ರಬಂಧರೂಪದ್ದು.

ಮೂರನೆಯ ಸಾಕ್ಷಿಗಳು ಹನ್ನೆರಡನೆಯ ಶತಮಾನದ ಶರಣರು. ರಾಯರ ಮತಕ್ಕೆ ಇವರಿಗಿಂತ ಪ್ರಬಲವಾದ ಪ್ರತ್ಯುದಾಹರಣೆ ದೊರೆಯಲಾರದು. ಬಟ್ಟೆಯ ಕೊಳೆಯನ್ನು ಬಲ್ಲ ಮಡಿವಾಳ ಮಾಚಯ್ಯ, ತೊಗಲನ್ನು ಬಲ್ಲ ಡೋಹರ ಕಕ್ಕಯ್ಯ, ಹೆಂಡವನ್ನು ಬಲ್ಲ ಹೆಂಡದ ಮಾರಯ್ಯ, ಔಷಧವನ್ನು ಬಲ್ಲ ವೈದ್ಯ ಸಂಗಣ್ಣ ಇವರೆಲ್ಲರೂ ವಚನಕಾರರು. ಚೌಳುಮಣ್ಣಿನ ಕ್ಷಾರವು ಜಿಡ್ಡನ್ನು ಬಿಡಿಸುವುದು, ಮರದ ತೊಗಟೆಯ ಒಗರು ಹಸಿಯ ಚರ್ಮವನ್ನು ಕೊಳೆಯದ ತೊಗಲಾಗಿಸುವುದು, ಸಿಹಿರಸವು ಹುಳಿತು ಮದ್ಯವಾಗುವುದು, ಇವು ಮೂರೂ ರಸಾಯನಕ್ರಿಯೆಗಳೇ. ಅವನ್ನು ನಿತ್ಯವೂ ಮಾಡುತ್ತಿದ್ದ ಕಾಯಕದ ಜನರೇ ಲೇಖನಿಯನ್ನೂ ಹಿಡಿದರು. ತಮ್ಮ ಕಸುಬಿನ ಮಾತುಗಳನ್ನು ನಾಚದೆ ಸಾಹಿತ್ಯಕ್ಕೆ ತಂದರು. ‘ಏಕೆ’ ಎಂದು ಕೇಳುವ ಧೈರ್ಯವೂ ಅವರಲ್ಲಿ ಹೇರಳವಾಗಿತ್ತು. ಆದರೂ ಆ ಪ್ರಶ್ನೆಯು ಹೊರಳಿದುದು ಜಾತಿಯ, ಆಚಾರದ, ಆತ್ಮದ ಕಡೆಗೆ. ಕ್ಷಾರದ, ತೊಗಟೆಯ, ಹುಳಿಯ ಕಡೆಗಲ್ಲ. ಕಸುಬು ಅವರಿಗೆ ದೃಷ್ಟಾಂತವಾಯಿತು. ಕಬ್ಬಿಣವು ಪರುಷವನ್ನು ಸೋಂಕಿ ಹೊನ್ನಾಗುವುದೆಂಬ ರಸವಾದಿಗಳ ಕಲ್ಪನೆಯನ್ನು ಗುರುಕರುಣೆಗೆ ಉಪಮಾನವಾಗಿ ಬಳಸಿದುದೂ ಇದೇ ಬಗೆಯದು. ಇದನ್ನು ದೋಷವೆನ್ನಲಾಗದು, ಅವರ ಉದ್ದೇಶವೇ ಬೇರೆ. ಆದರೆ ಸಾಹಿತ್ಯದ ವಿಮರ್ಶಕನು ಗಮನಿಸಬೇಕಾದ ಭೇದವೊಂದು ಇಲ್ಲಿದೆ: ಲೋಕೋಪಕಾರದಲ್ಲಿ ಕಾರಣವಿಲ್ಲದ ವಿಧಿಯಿದೆ, ವಚನದಲ್ಲಿ ವಿಧಿಯನ್ನು ದಾಟಿದ ಧ್ವನಿಯಿದೆ. ವಿಧಿಯೂ ಕಾರಣವೂ ಒಂದೆಡೆ ಕೂಡುವ ಮೂರನೆಯ ಬಗೆಯ ಬರಹವು ಹುಟ್ಟಲಿಲ್ಲ.

ಇದರಿಂದಾದ ನಷ್ಟವು ಎಷ್ಟೆಂಬುದಕ್ಕೆ ಉಕ್ಕಿನ ಕಥೆಯೇ ಸಾಕು. ಕಬ್ಬಿಣದ ತುಂಡುಗಳನ್ನು ತಂಗಡಿಯ ಕಟ್ಟಿಗೆಯ ಚೂರುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಹಸಿರೆಲೆಯಿಂದ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಕಾಯಿಸಿದರೆ ಕಟ್ಟಿಗೆಯ ಇಂಗಾಲವು ಕಬ್ಬಿಣವನ್ನು ಸೇರಿ ಉಕ್ಕಾಗುತ್ತದೆ. ಮೈಸೂರು ಸೀಮೆಯಲ್ಲಿ ಈ ಕಸುಬನ್ನು ೧೮೦೦ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವಿವರಿಸಿದನು. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಎಳೆಯುತ್ತಿದ್ದ ಉಕ್ಕನ್ನೂ, ಬೆಂಗಳೂರಿನ ನೇಯಿಗೆಯವರ ಬಣ್ಣಗಳ ಪಾಕವನ್ನೂ ಅವನು ಬರೆದಿಟ್ಟನು. ಅದಕ್ಕೆ ಮುಂಚೆಯೇ, ೧೭೯೫ರಲ್ಲಿ, ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ನಡೆಸಿದ ಪ್ರಯೋಗಗಳು ಲಂಡನಿನ ರಾಯಲ್ ಸೊಸೈಟಿಯ ಮುಂದೆ ಬಂದಿದ್ದುವು. ಅಲ್ಲಿ ಅದಕ್ಕೆ ಬಿದ್ದ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ೧೮೧೯ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವಿರಬೇಕೆಂದು ಭಾವಿಸಿದನು. ಅದು ತಪ್ಪು, ಇಂಗಾಲವೇ ಮುಖ್ಯ ಕಾರಣ. ಫ್ಯಾರಡೆಯಂಥವನಿಗೂ ಕಾರಣವು ಕೂಡಲೇ ಸಿಕ್ಕಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಆದರೆ ಅವನು ಊಹಿಸಿದುದು ಬರಹದಲ್ಲಿದ್ದುದರಿಂದ ಇತರರು ಅದನ್ನು ತಿದ್ದಲು ಸಾಧ್ಯವಾಯಿತು. ಕಮ್ಮಾರನು ತಂಗಡಿಯನ್ನೇ ಏಕೆ ಆರಿಸಿದನೆಂಬ ಅವನ ಊಹೆಯು ಬರಹಕ್ಕೆ ಬಾರದುದರಿಂದ ಅದನ್ನು ಒಪ್ಪುವುದಕ್ಕೂ ತಿದ್ದುವುದಕ್ಕೂ ಯಾರಿಗೂ ಅವಕಾಶವಾಗಲಿಲ್ಲ. ತಂಗಡಿಯ ತೊಗಟೆಯಿಂದಲೇ ತೊಗಲನ್ನು ಹದಮಾಡುವರು. ಒಂದೇ ಗಿಡವು ಕುಲುಮೆಗೂ ತೊಗಲ ತೊಟ್ಟಿಗೂ ಒದಗಿತು, ಗ್ರಂಥಕ್ಕೆ ಒದಗಲಿಲ್ಲ.

ಆದರೆ ಪಂಡಿತನಿಗೂ ಕಮ್ಮಾರನಿಗೂ ನಡುವೆ ಸಂಪರ್ಕವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ರಸತಂತ್ರಗಳ ‘ಮೂಷಾ’ ಎಂಬ ಶಬ್ದವೇ ಕುಲುಮೆಯಲ್ಲಿ ‘ಮೂಸೆ’ಯಾಗಿದೆ. ತಾಮ್ರದ ಜ್ವಾಲೆಯು ನೀಲಿ, ತವರದ್ದು ಪಾರಿವಾಳದ ಬಣ್ಣ ಎಂದು ರಸಾರ್ಣವವು ಹೇಳುವುದು ಕುಲುಮೆಯ ಮುಂದೆ ನಿಂತು ನೋಡಿದವರ ಮಾತು. ಗೋಡೆಯಲ್ಲಿ ಬಿರುಕುಗಳಿದ್ದುವು, ಬಾಗಿಲಿರಲಿಲ್ಲ.

ಬಾಗಿಲು ತೆರೆದುದು ಇಪ್ಪತ್ತನೆಯ ಶತಮಾನದಲ್ಲಿ, ಬೆಂಗಳೂರಿನಲ್ಲಿ. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್, ೧೮೯೮ರಲ್ಲಿ ರ‍್ಯಾಮ್ಸೆಯವರೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಅನಿಲಗಳನ್ನು ಕಂಡುಹಿಡಿದ ರಸಾಯನಪಂಡಿತರು. ೧೯೧೪ರ ಯುದ್ಧದಿಂದ ಜರ್ಮನಿಗೆ ಶ್ರೀಗಂಧದ ಮರವನ್ನು ಮಾರುವುದು ನಿಂತುಹೋಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ವಿಜ್ಞಾನ ಮಂದಿರದ ಸಡ್‌ಬರೊ ಮತ್ತು ವಾಟ್ಸನ್ ಅವರು ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ನಡೆದುವು. ೧೯೧೮ರಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ ಗಂಧದ ಸಾಬೂನು ಹೊರಬಂದಿತು. ಸಾಬೂನೆಂದರೆ ಎಣ್ಣೆಯೂ ಕ್ಷಾರವೂ ಕೂಡಿದ ಪಾಕ. ಗಾಣಿಗನ ಎಣ್ಣೆ, ಮಡಿವಾಳನ ಕ್ಷಾರ, ಗಂಧಿಗನ ಪರಿಮಳ ಇವು ಮೂರನ್ನೂ ಒಂದು ಅಚ್ಚಿನಲ್ಲಿ ಕೂಡಿಸಿದವರು ಶಾಸ್ತ್ರಿಗಳೆಂಬ ಹೆಸರಿನ ಕುಟುಂಬದವರು. ಕೈಗೂ ಬುದ್ಧಿಗೂ ಆದ ಅಗಲಿಕೆಯು ಶಾಶ್ವತವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ರಾಯರೇ ಬಯಸಿದ ಸಮಾಗಮವಿದು.

ಆದರೆ ಈ ಸಮಾಗಮದಲ್ಲಿ ಒಬ್ಬರು ಹೊರಗುಳಿದರು. ಅವರು ಕನ್ನಡವೇ. ಪ್ರಯೋಗಾಲಯದ ಭಾಷೆ ಇಂಗ್ಲಿಷಾಗಿತ್ತು. ಅದೇ ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಸಾಬೂನು ಇಂದಿಗೂ ಉಳಿದಿದೆ. ಪತ್ರಿಕೆಯು ಹೆಚ್ಚು ಕಾಲ ಬಾಳಲಿಲ್ಲ.

ಈ ಕೊರತೆಯು ಪಾಠಶಾಲೆಯ ಪರಿಭಾಷೆಯಲ್ಲಿ ಕಾಣುತ್ತದೆ. ಆಮ್ಲಜನಕವೆಂಬುದು ಲಾವಾಸ್ಯೆ ಇಟ್ಟ ಹೆಸರಿನ ಸಂಸ್ಕೃತರೂಪ. ಎಲ್ಲ ಆಮ್ಲಗಳಿಗೂ ಆ ಅನಿಲವೇ ಮೂಲವೆಂಬ ಅವನ ಮತವನ್ನು ೧೮೧೦ರ ಸುಮಾರಿಗೆ ಡೇವಿ ಖಂಡಿಸಿದನು. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಬಂದಿತು. ಇಂಗಾಲವೆಂಬ ಶಬ್ದವು ಹಾಗಲ್ಲ. ‘ಅಂಗಾರ’ದಿಂದ ಇಳಿದು ಒಲೆಯಲ್ಲಿಯೂ ಕುಲುಮೆಯಲ್ಲಿಯೂ ಬಾಳಿದ ಮಾತು ಅದು, ಹೇಳಿದೊಡನೆಯೇ ಪದಾರ್ಥವು ಕಣ್ಣಿಗೆ ಬರುತ್ತದೆ. ಪಟಿಕ, ಬಿಳಿಗಾರ, ಮೈಲುತುತ್ತ, ನವಸಾಗರ, ಪೆಟ್ಲುಪ್ಪು ಇವೂ ಅಂತಹ ಮಾತುಗಳು. ಸಂಸ್ಕೃತದಿಂದ ಹೊಸ ಶಬ್ದಗಳನ್ನು ಕಟ್ಟುವುದು ತಪ್ಪಲ್ಲ. ಆದರೆ ಬಾಳುವ ಶಬ್ದವಿರುವಲ್ಲಿ ಕಟ್ಟಿದ ಶಬ್ದವನ್ನು ಕೂಡಿಸುವುದು ರಾಯರು ಹೇಳಿದ ಅಗಲಿಕೆಯನ್ನೇ ಭಾಷೆಯಲ್ಲಿ ಮುಂದುವರಿಸಿದಂತಾಗುವುದು. ಬೆಂಗಳೂರಿನ ದಕ್ಷಿಣಕ್ಕೆ, ವಸಂತವಲ್ಲಭರಾಯನ ದೇವಾಲಯವಿರುವ ವಸಂತಪುರದಲ್ಲಿ ಯಾವ ಮನೆಯ ಗೃಹಿಣಿಯನ್ನು ಕೇಳಿದರೂ ಅರಿಶಿನದ ನೀರಿಗೆ ಸುಣ್ಣ ಬೆರೆತರೆ ಓಕುಳಿ ಕೆಂಪಾಗುವುದೆಂದು ಹೇಳುವಳು. ಅರಿಶಿನದ ಕಾಗದವು ಕ್ಷಾರವನ್ನು ಪರೀಕ್ಷಿಸುವ ಸಾಧನವೆಂದು ಶಾಲೆಯ ಹುಡುಗನು ಕಲಿಯುವನು. ಇವೆರಡೂ ಒಂದೇ ಸಂಗತಿಯೆಂದು ಅವನಿಗೆ ತೋರಿಸಿಕೊಡುವ ಪಾಠವು ವಿರಳ.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ: ಕೈಯೂ ಬುದ್ಧಿಯೂ ಅಗಲಿದುದರಿಂದ ರಸಾಯನವಿದ್ಯೆಯು ಕುಂದಿತೆಂಬ ರಾಯರ ಮತವು ಕರ್ಣಾಟಕದ ಮಟ್ಟಿಗೆ ಮುಖ್ಯಾಂಶದಲ್ಲಿ ನಿಲ್ಲುತ್ತದೆ. ವೇದಾಂತವೇ ಕಾರಣವೆಂಬ ಭಾಗವು ನಿಲ್ಲುವುದಿಲ್ಲ. ಜಾತಿಯೊಂದೇ ಕಾರಣವೆಂಬುದೂ ಸಾಲದು. ಕಾಯಕದವರು ಲೇಖನಿ ಹಿಡಿದಮೇಲೆಯೂ ವಿದ್ಯೆಯು ಬೆಳೆಯದಿದ್ದುದಕ್ಕೆ, ಕ್ರಿಯೆಯನ್ನೂ ಕಾರಣವನ್ನೂ ಸೋಲನ್ನೂ ಒಟ್ಟಿಗೆ ಬರೆಯುವ ಗದ್ಯವು ಇಲ್ಲದಿದ್ದುದನ್ನು ಸೇರಿಸಿ ಹೇಳಬೇಕು. ಈ ಅಂಶವು ಸಾಹಿತ್ಯದ ಅಧ್ಯಾಪಕರಿಗೆ ನೇರವಾಗಿ ಸಂಬಂಧಪಟ್ಟುದು. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಕವಿಗಳ ಜೊತೆಗೆ ಶಾಸ್ತ್ರಕಾರರನ್ನೂ ಗಣಿಸಿತು. ಆ ಔದಾರ್ಯವನ್ನು ಪಾಠದಲ್ಲಿಯೂ ಉಳಿಸಿಕೊಳ್ಳುವುದು ಉಚಿತ. ಲೋಕೋಪಕಾರದ ಗಂಧಯುಕ್ತಿಯನ್ನು ಓದಿಸುವಾಗ ಅದರ ವಿಧಿಗಳಲ್ಲಿ ಒಂದೆರಡನ್ನು ರಸಾಯನದ ಅಧ್ಯಾಪಕರೊಡನೆ ಕೂಡಿ ಮಾಡಿನೋಡಬೇಕು. ಬಂದ ಫಲವನ್ನೂ ಬಾರದ ಫಲವನ್ನೂ ಕನ್ನಡದ ಗದ್ಯದಲ್ಲಿ ಬರೆಯಿಸಬೇಕು. ಕಸುಬುಗಳ ಶಬ್ದಗಳನ್ನು ಕೂಡಿಸುವವರು ಶಬ್ದಕ್ಕೆ ಅರ್ಥವನ್ನು ಬರೆದು ತೃಪ್ತರಾಗದೆ, ಕಸುಬಿನವನು ಆ ಕ್ರಿಯೆಗೆ ಹೇಳುವ ಕಾರಣವನ್ನೂ ಅವನ ಮಾತಿನಲ್ಲಿಯೇ ಬರೆದಿಡಬೇಕು. ಅದು ತಪ್ಪಾಗಿದ್ದರೂ ಚಿಂತೆಯಿಲ್ಲ. ಬರೆದಿಟ್ಟರೆ ತಿದ್ದುವವರು ಬರುವರು.