ಅಣುಯಂತ್ರಗಳು ಮತ್ತು ಕರ್ತೃವಿನ ಹೊಣೆ

ಎರಿಕ್ ಡ್ರೆಕ್ಸ್ಲರ್ ಅವರ ‘ಎಂಜಿನ್ಸ್ ಆಫ್ ಕ್ರಿಯೇಷನ್’ ಗ್ರಂಥವು 1986ರಲ್ಲಿ ಪ್ರಕಟವಾಯಿತು. ಪರಮಾಣುಗಳನ್ನು ಜೋಡಿಸಿ ಬೇಕಾದುದನ್ನು ನಿರ್ಮಿಸಬಲ್ಲ ಅಣುಯಂತ್ರಗಳನ್ನು ಅದು ಕಲ್ಪಿಸುತ್ತದೆ. ತಮ್ಮಂಥವನ್ನೇ ಮತ್ತೆ ಮತ್ತೆ ಉತ್ಪಾದಿಸುತ್ತ ಅಂಕೆ ಮೀರಬಹುದಾದ ಯಂತ್ರಗಳ ಅಪಾಯವನ್ನು ಲೇಖಕರು ಮರೆಮಾಚಿಲ್ಲ. ಇದು ಗ್ರಂಥದ ಪ್ರಾಮಾಣಿಕತೆ. ಆದರೆ ಹೊಗೆ-ಕಸಗಳಿಲ್ಲದ ಸಮೃದ್ಧಿಯ ಭರವಸೆಯೇ ಅದರಲ್ಲಿ ಪ್ರಬಲವಾಗಿದೆ.

ಪ್ರಯೋಗಶಾಲೆ ಕಲಿಸಿದ ಪಾಠ ಬೇರೆ. 2000ದಲ್ಲಿ ಬರ್ನಾರ್ಡ್ ಯುರ್ಕೆ ಮತ್ತು ಸಂಗಡಿಗರು ಡಿ.ಎನ್.ಎ. ಎಳೆಗಳಿಂದ ಚಿಮಟವೊಂದನ್ನು ರಚಿಸಿದರು. ಒಂದು ಎಳೆಯನ್ನು ಬೆರೆಸಿದರೆ ಅದು ಮುಚ್ಚುತ್ತದೆ. ಅದಕ್ಕೆ ಪೂರಕವಾದ ಇನ್ನೊಂದನ್ನು ಬೆರೆಸಿದರೆ ತೆರೆಯುತ್ತದೆ. ಈ ಎರಡೆಳೆಗಳೂ ಹೆಣೆದುಕೊಂಡು, ಪ್ರತಿ ಆವರ್ತದಲ್ಲಿಯೂ ದ್ರಾವಣದಲ್ಲಿ ಕಸವಾಗಿ ಉಳಿಯುತ್ತವೆ. ಅಣುವಿನ ಲೋಕದಲ್ಲಿಯೂ ವ್ಯಯವಿಲ್ಲದ ಚಲನೆಯಿಲ್ಲ.

ರಾಸಾಯನಿಕ ಮಾರ್ಪಾಡಿನ ವಿಷಯವೂ ಹೀಗೆಯೇ. ದೇಹದ ಕಿಣ್ವಗಳು ಡಿ.ಎನ್.ಎ. ಎಳೆಯನ್ನು ಬೇಗ ತುಂಡರಿಸುತ್ತವೆ. ಅದರ ಫಾಸ್ಫೇಟಿನಲ್ಲಿ ಒಂದು ಆಮ್ಲಜನಕದ ಬದಲು ಗಂಧಕವನ್ನಿರಿಸಿದರೆ ಹೆಚ್ಚು ಕಾಲ ಬಾಳುತ್ತದೆ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೊಮಿವಿರ್ಸೆನ್ ಎಂಬ ಕಣ್ಣಿನ ಔಷಧವು ಇಂಥದಾಗಿತ್ತು. ಉಪಕಾರ ನಿಜ. ಆದರೆ ಬೇಗ ಅಳಿಯದಂತೆ ರಚಿಸಿದ ವಸ್ತು, ಕಾರ್ಯ ಮುಗಿದ ಮೇಲೆ ಎಲ್ಲಿ, ಎಷ್ಟು ಕಾಲ ಉಳಿದೀತೆಂಬುದಕ್ಕೆ ಉತ್ತರಿಸುವ ಹೊಣೆ ರಚಿಸಿದವನದೇ. ವಸ್ತು ಕಣ್ಣಿಗೆ ಕಾಣದಷ್ಟು ಕಿರಿದಾದರೆ ಹೊಣೆ ಕಿರಿದಾಗದು.

ಡ್ರೆಕ್ಸ್ಲರ್ ಅವರ ಗ್ರಂಥ ಇಂದಿಗೂ ಓದತಕ್ಕದ್ದೇ. ಆದರೆ ‘ಏನನ್ನು ನಿರ್ಮಿಸಬಹುದು?’ ಎಂದು ಕೇಳಿದಷ್ಟು ತೀವ್ರವಾಗಿ ಅದು ‘ನಿರ್ಮಾಣದ ಶೇಷವನ್ನು ಯಾರು ಹೊರಬೇಕು?’ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ವಾಚಕರೇ ಜತೆಗಿರಿಸಿಕೊಂಡು ಓದಬೇಕು.